ಅಡ್ಡಿಲ್ಲೆ ಅನ್ನುವ ಹುಡುಗರ ನೂರು ವರ್ಷ

ಕುಂದಾಪುರದ ಕನ್ನಡದಲ್ಲಿ ಒಂದು ಪದ ಇದೆ: ಅಡ್ಡಿಲ್ಲೆ. ಕೆಲಸ ಹೇಗಿದೆ ಅಂತ ಕೇಳಿ, ಅಡ್ಡಿಲ್ಲೆ. ಊಟ ಹೇಗಿತ್ತು? ಅಡ್ಡಿಲ್ಲೆ. ಜ್ವರ ಬಂದಿತ್ತಂತಲ್ಲ? ಈಗ ಅಡ್ಡಿಲ್ಲೆ. ಪರವಾಗಿಲ್ಲ, ನಡೀತದೆ, ನೀವು ತಲೆ ಕೆಡಿಸ್ಕೊಬೇಡಿ ಅನ್ನುವ ಇಷ್ಟೂ ಅರ್ಥ ಮೂರೇ ಅಕ್ಷರದಲ್ಲಿ. ದೂರದ ಊರಿನಲ್ಲಿರುವ ಮಗ ಅಬ್ಬಿಗೆ ಫೋನಿನಲ್ಲಿ ಹೇಳುವುದೂ ಇದನ್ನೇ. ನಿಜವಾಗಿಯೂ ಚೆನ್ನಾಗಿದ್ದಾಗಲೂ ಇದನ್ನೇ ಹೇಳ್ತಾನೆ, ಒಳಗೊಳಗೆ ಕುಸಿಯುತ್ತಿರುವಾಗಲೂ ಇದನ್ನೇ ಹೇಳ್ತಾನೆ. ಸಮಸ್ಯೆ ಇರುವುದು ಅಲ್ಲೇ.

ಬೈಂದೂರು, ಕುಂದಾಪುರ, ಬ್ರಹ್ಮಾವರ. ಇವತ್ತು ಇವು ಮೂರು ತಾಲೂಕುಗಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಸಣ್ಣದೊಂದು ಪಟ್ಟಿ. ಈ ಪಟ್ಟಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತನ್ನ ಹುಡುಗರನ್ನು ಹೊರಗೆ ಕಳಿಸುತ್ತಾ ಬಂದಿದೆ. ಅವರು ಕಟ್ಟಿದ ಹೋಟೆಲುಗಳ ಕಥೆ ನಮಗೆ ಗೊತ್ತು. ಅವರು ಕಳಿಸಿದ ಮನಿಯಾರ್ಡರಿನಲ್ಲಿ ಊರಿನ ಮನೆಗಳಿಗೆ ಹೆಂಚು ಬಂದದ್ದು ಗೊತ್ತು, ದೇವಸ್ಥಾನಗಳ ಜೀರ್ಣೋದ್ಧಾರ ಆದದ್ದು ಗೊತ್ತು. ಆದರೆ ಆ ಹುಡುಗರ ಒಂಟಿತನಕ್ಕೂ ಒಂದು ಇತಿಹಾಸ ಇದೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಊರು ಬಿಟ್ಟವರಿಗೆ ಆಗುವ ಸಂಕಟ ಇವತ್ತಿನ ಮಕ್ಕಳ ನಾಜೂಕುತನ ಅಂತ ಹೇಳುವವರಿದ್ದಾರೆ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅಂತಾರೆ. ಸ್ವಾಮಿ, ಇತ್ತು. 1688ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದ. ಊರು ಬಿಟ್ಟು ಬಂದ ವಿದ್ಯಾರ್ಥಿಗಳು, ಮನೆಗೆಲಸದವರು, ಸೈನಿಕರು ಊಟ ಬಿಟ್ಟು, ನಿದ್ದೆ ಬಿಟ್ಟು ಸೊರಗುವುದನ್ನು ಕಂಡು ಅದಕ್ಕೆ 'ನಾಸ್ಟಾಲ್ಜಿಯಾ' ಅಂತ ಹೆಸರಿಟ್ಟ. ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಸೇರಿಸಿ ಕಟ್ಟಿದ ಹೆಸರು. ಇವತ್ತು ನಾವು ಹಳೇ ಹಾಡು ಕೇಳಿದಾಗ ಬಳಸುವ ಆ ಪದ ಹುಟ್ಟಿದ್ದು ಕಾಯಿಲೆಯ ಹೆಸರಾಗಿ! ಅವನು ದಾಖಲಿಸಿದ ಒಬ್ಬ ರೋಗಿಗೆ ಊರಿನ ದಾರಿ ಹಿಡಿಯುತ್ತಿದ್ದಂತೆಯೇ ಅರ್ಧ ವಾಸಿಯಾಯಿತು. 1932ರಲ್ಲಿ ನಾರ್ವೆಯ ಮನೋವೈದ್ಯ ಓರ್ನುಲ್ಫ್ ಓಡೆಗಾರ್ಡ್ ಇನ್ನೂ ಮುಂದಕ್ಕೆ ಹೋದರು. ಅಮೆರಿಕದ ಮಿನ್ನೆಸೋಟಾಕ್ಕೆ ವಲಸೆ ಹೋದ ನಾರ್ವೆಯವರನ್ನು ಊರಿನಲ್ಲೇ ಉಳಿದ ನಾರ್ವೆಯವರ ಜೊತೆ ಹೋಲಿಸಿ, ವಲಸೆ ಹೋದವರಲ್ಲಿ ತೀವ್ರ ಮಾನಸಿಕ ಕಾಯಿಲೆ ಹೆಚ್ಚು ಅಂತ ಅಂಕಿ ಅಂಶ ಸಮೇತ ತೋರಿಸಿದರು. ಯಾಕೆ ಹೆಚ್ಚು ಅನ್ನುವ ಚರ್ಚೆ ಇವತ್ತಿಗೂ ನಡೀತಿದೆ. ಆದರೆ ಇದು ನಾಜೂಕುತನ ಅನ್ನುವ ವಾದ ಅವತ್ತೇ ಬಿದ್ದುಹೋಗಿತ್ತು.

ಈಗ ನಮ್ಮೂರಿಗೆ ಬರೋಣ.

ಅವರು ಯಾಕೆ ಹೊರಟರು? ಗದ್ದೆ ಕಡಿಮೆ, ಮನೆಯಲ್ಲಿ ಬಾಯಿ ಹೆಚ್ಚು. ಗೇಣಿ ಕೊಟ್ಟ ಮೇಲೆ ಉಳಿಯುತ್ತಿದ್ದ ಅಕ್ಕಿ ಮಳೆಗಾಲ ದಾಟುತ್ತಿರಲಿಲ್ಲ. ಭೂಸುಧಾರಣೆಯ ದೊಡ್ಡ ತಿದ್ದುಪಡಿ ಬಂದದ್ದು 1974ರಲ್ಲಿ. ಅದಕ್ಕಿಂತ ಮೊದಲು ಎಷ್ಟೋ ಮನೆಗಳಿಗೆ ಇದ್ದ ದಾರಿ ಎರಡೇ: ಘಟ್ಟ ಹತ್ತುವುದು ಇಲ್ಲವೇ ಬೊಂಬಾಯಿಗೆ ಹೋಗುವುದು. ಘಟ್ಟದ ಮೇಲೆ ಅಂದರೆ ಶಿವಮೊಗ್ಗ, ಚಿಕ್ಕಮಗಳೂರು, ಮೈಸೂರು, ಬೆಂಗಳೂರು. ಬೊಂಬಾಯಿಗೆ ಮಂಗಳೂರಿನಿಂದ ಹಡಗು. ಟ್ರಂಕಿನಲ್ಲಿ ಎರಡು ಅಂಗಿ, ಜೊತೆಗೆ ಸಂಬಂಧಿಕರ ಹೋಟೆಲಿನ ವಿಳಾಸ.

ಇವತ್ತಿನ ಬ್ರಹ್ಮಾವರ ತಾಲೂಕಿನಲ್ಲಿ, ಸಾಲಿಗ್ರಾಮದ ಪಕ್ಕದಲ್ಲಿ ಪಾರಂಪಳ್ಳಿ ಅಂತ ಊರಿದೆ. ಅಲ್ಲಿಂದ ಹೊರಟ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದು, 1924ರಲ್ಲಿ ಲಾಲ್‌ಬಾಗಿನ ಹತ್ತಿರ ಒಂದು ಹೋಟೆಲ್ ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂಟಿಆರ್. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಅವರೂ ಬಾಲಕನಾಗಿದ್ದಾಗಲೇ ಮನೆ ಬಿಟ್ಟವರು. ಗೆದ್ದವರ ಹೆಸರು ಬೋರ್ಡಿನ ಮೇಲೆ ಉಳೀತದೆ. ಲೋಟ ತೊಳೆದ ಸಾವಿರಾರು ಮಕ್ಕಳ ಹೆಸರು ಎಲ್ಲಿ?

ಅವರ ಹೆಸರು ಒಂದೇ ಒಂದು ಪದದಲ್ಲಿ ಉಳಿದಿದೆ: ಮಾಣಿ. ನಮ್ಮ ಕಡೆ ಮಾಣಿ ಅಂದರೆ ಹುಡುಗ, ಮನೆಯ ಮಗ. ಅಜ್ಜಿ ಮೊಮ್ಮಗನನ್ನು ಕರೆಯುವ ಪ್ರೀತಿಯ ಪದ. ಅದೇ ಪದ ಘಟ್ಟ ಹತ್ತಿದ ಮೇಲೆ "ಏ ಮಾಣಿ, ಎರಡು ಕಾಫಿ" ಆಯಿತು. ಮನೆಯ ಮುದ್ದಿನ ಹೆಸರು ಒಂದು ಉದ್ಯೋಗದ ಹೆಸರಾಗಿ ಕನ್ನಡ ನಾಡಿನ ತುಂಬ ಹರಡಿತು. ಆ ಹುಡುಗನಿಗೆ ಆ ಕೂಗು ದಿನಕ್ಕೆ ನೂರು ಸಲ ಕೇಳುತ್ತಿತ್ತು. ಒಂದು ಸಲವೂ ಅದು ಅಬ್ಬಿಯ ದನಿಯಾಗಿರಲಿಲ್ಲ.

ಹೀಗೆ ಹೋದ ಮಕ್ಕಳು ಹೇಗೆ ತಡೆದುಕೊಂಡರು? ಆಗ ಕೌನ್ಸೆಲರ್ ಇರಲಿಲ್ಲ, ಹೆಲ್ಪ್‌ಲೈನ್ ಇರಲಿಲ್ಲ. ಎಂಟಿಆರ್ ಶುರುವಾದ ಮರುವರ್ಷ, 1925ರಲ್ಲಿ, ಮೈಸೂರು ಸರ್ಕಾರ ಬೆಂಗಳೂರಿನ ಹುಚ್ಚಾಸ್ಪತ್ರೆಗೆ 'ಮೆಂಟಲ್ ಹಾಸ್ಪಿಟಲ್' ಅಂತ ಹೊಸ ಹೆಸರು ಕೊಟ್ಟಿತು. ಮುಂದೆ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆದದ್ದು ಅದೇ. ಆದರೆ ಅಂದಿನ ಮಟ್ಟಿಗೆ ಅಲ್ಲಿಗೆ ಹೋಗುವುದು ಅಂದರೆ ಕೊನೆಯ ಬಾಗಿಲು. ಹೋಟೆಲ್ ಹುಡುಗನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅವರು ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ಅದಕ್ಕೆ ಮಾನಸಿಕ ಆರೋಗ್ಯ ಅಂತ ಅವರು ಹೆಸರಿಡಲಿಲ್ಲ, ಅಷ್ಟೇ.

ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ. ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಕರ್ನಾಟಕ ಸಂಘ 1933ರಲ್ಲಿ. ದೇವಾಡಿಗರ ಸಂಘ ಇದೆ. ಬಗ್ವಾಡಿ ಹೋಬಳಿಯ ಹೆಸರಿನಲ್ಲೇ ಮೊಗವೀರರ ಸಂಘ ಇದೆ. ಯೋಚನೆ ಮಾಡಿ, ಕುಂದಾಪುರದ ಒಂದು ಹೋಬಳಿಯ ಹೆಸರು ಹೊತ್ತ ಸಂಘ ಮುಂಬಯಿಯಲ್ಲಿ! ಈ ಸಂಘಗಳು ಮಾಡಿದ ಬಹುದೊಡ್ಡ ಕೆಲಸ ರಾತ್ರಿ ಶಾಲೆ. ಮೊಗವೀರ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಹಲವು. ಹಗಲು ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿದ ಹುಡುಗ ಸಂಜೆ ಕೈ ತೊಳೆದು, ತಲೆ ಬಾಚಿ, ಕನ್ನಡ ಮಾಧ್ಯಮದ ತರಗತಿಯಲ್ಲಿ ಕೂರುತ್ತಿದ್ದ. ಅಲ್ಲಿ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು, ತಾವೇ ಹೋಟೆಲ್ ಮಾಲೀಕರಾದವರು ಎಷ್ಟೋ ಜನ.

ಈ ಶಾಲೆಗಳ ಸಾಧನೆಯನ್ನು ನಾವು ಯಾವಾಗಲೂ ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕದಲ್ಲಿ ಅಳೀತೇವೆ. ನನಗೆ ಬೇರೆಯದೇ ಕಾಣ್ತದೆ. ಒಬ್ಬ ಹದಿನಾಲ್ಕು ವರ್ಷದ ಹುಡುಗನಿಗೆ ದಿನದಲ್ಲಿ ಮೂರು ಗಂಟೆ ಯಾರೂ "ಏ ಮಾಣಿ" ಅನ್ನುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಪೂರ್ತಿ ಹೆಸರು, ಅಪ್ಪಯ್ಯನ ಹೆಸರು ಸಮೇತ ಇದೆ. ಎರಡು ದಿನ ಬಾರದಿದ್ದರೆ ಮೇಷ್ಟ್ರು ಯಾಕೆ ಬರಲಿಲ್ಲ ಅಂತ ಪಕ್ಕದ ಬೆಂಚಿನವನನ್ನು ಕೇಳ್ತಾರೆ. ಪಕ್ಕದ ಬೆಂಚಿನವನು ಗಂಗೊಳ್ಳಿಯವನು, ಇಲ್ಲವೇ ಶಿರೂರಿನವನು. ರಾತ್ರಿ ಅವನೇ ಹೋಗಿ ನೋಡಿಕೊಂಡು ಬರ್ತಾನೆ. ಇವತ್ತು ಮನೋವೈದ್ಯರು 'ಸಾಮಾಜಿಕ ಬೆಂಬಲ' ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ.

ಇನ್ನೊಂದು ಯಕ್ಷಗಾನ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ ಎಲ್ಲವೂ ನಮ್ಮ ಈ ಪಟ್ಟಿಯ ಮೇಳಗಳ ಹೆಸರುಗಳೇ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತಾಗ ಕಲಾವಿದರ ತಂಡಗಳು ಮುಂಬಯಿಗೆ, ಬೆಂಗಳೂರಿಗೆ ಬರುತ್ತಿದ್ದವು. ಈಗಲೂ ಬರ್ತವೆ. ವಾರವಿಡೀ ಯಾರದೋ ಭಾಷೆ ಮಾತಾಡಿದವನಿಗೆ ಆ ರಾತ್ರಿ ಚೆಂಡೆ ಪೆಟ್ಟು ಬಿದ್ದರೆ ಸಾಕು, ಮೈಯೊಳಗೆ ಊರು ಎದ್ದು ಕೂರ್ತದೆ. ಹಾಸ್ಯಗಾರ ಕುಂದಾಪುರ ಕನ್ನಡದಲ್ಲಿ ಒಂದು ಮಾತು ಹೇಳಿದಾಗ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ನಗುತ್ತಾರಲ್ಲ, ಆ ನಗುವಿಗೆ ಎಷ್ಟು ಅಳು ತಡೆಯುವ ಶಕ್ತಿ ಇತ್ತೋ.

ನಾನು ಎಂಜಿನಿಯರಿಂಗ್ ಓದಿದವನು. ನಮಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು: ಇಡೀ ವ್ಯವಸ್ಥೆಯ ಭಾರವನ್ನು ಒಂದೇ ಕಂಬದ ಮೇಲೆ ಹಾಕಬೇಡ. ಒಂದು ಕೈಕೊಟ್ಟರೆ ಇನ್ನೊಂದು ಹೊರಬೇಕು. ಆ ಹೋಟೆಲ್ ಹುಡುಗನಿಗೆ ಐದು ಕಂಬ ಇದ್ದವು. ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ಹತ್ತು ಜನ ಊರಿನವರು, ಊರಿನವನೇ ಆದ ಮಾಲೀಕ, ರಾತ್ರಿ ಶಾಲೆ, ಸಂಘ, ಆಟ. ಒಂದು ಮುರಿದರೂ ನಾಲ್ಕು ಉಳೀತಿತ್ತು.

ಹಾಗಂತ ಅದನ್ನು ಸ್ವರ್ಗ ಮಾಡಲು ನಾನು ತಯಾರಿಲ್ಲ. ಆ ಕಾಲ ಚೆನ್ನಾಗಿತ್ತು ಅಂತ ಹೇಳುವುದು ಸುಲಭ, ಯಾಕಂದರೆ ಸೋತವರು ಪುಸ್ತಕ ಬರೆಯಲಿಲ್ಲ. ಊರಿನ ಮಾಲೀಕ ಅಂದರೆ ಪ್ರೀತಿಯೂ ಹೌದು, ಕಪಾಳಕ್ಕೆ ಏಟೂ ಹೌದು. ಸಂಬಳದ ಲೆಕ್ಕ ಕೇಳುವಂತಿಲ್ಲ, ಕೇಳಿದರೆ ಸುದ್ದಿ ಊರಿಗೆ ಹೋಗ್ತದೆ. ಸಂಘಗಳು ಜಾತಿಯ ಸಂಘಗಳು. ನಿನ್ನ ಜಾತಿಗೆ ಸಂಘ ಇಲ್ಲದಿದ್ದರೆ, ಇದ್ದರೂ ಅದಕ್ಕೆ ಬಲ ಇಲ್ಲದಿದ್ದರೆ, ನೀನು ಎಲ್ಲಿಗೆ ಹೋಗ್ತಿ? ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಅನ್ನುವ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ಎಷ್ಟು ಬಾಲ್ಯಗಳು ಆ ಹಬೆಯಲ್ಲಿ ಬೆಂದುಹೋದವು ಅಂತ ಲೆಕ್ಕ ಇಟ್ಟವರಿಲ್ಲ.

ಕಾಗದ ಬರೆಯುವುದು ನಿಲ್ಲಿಸಿದವರ ಕಥೆ ಇನ್ನೂ ಕಷ್ಟ. ನಮ್ಮ ಕಡೆಯ ಹಳೇ ಮನೆಗಳಲ್ಲಿ ವಿಚಾರಿಸಿ ನೋಡಿ. "ನಮ್ಮ ದೊಡ್ಡಪ್ಪ ಒಬ್ರು ಬೊಂಬಾಯಿಗೆ ಹೋದವ್ರು ಮತ್ತೆ ಬರ್ಲೇ ಇಲ್ಲ" ಅನ್ನುವ ಮಾತು ಸಿಗ್ತದೆ. ಮೊದಲು ತಿಂಗಳಿಗೊಂದು ಕಾರ್ಡು, ಆಮೇಲೆ ವರ್ಷಕ್ಕೊಂದು, ಆಮೇಲೆ ಮೌನ. ಮನೆಯವರು ದೈವದ ಮುಂದೆ ನಿಂತು, ದರ್ಶನದಲ್ಲಿ ಪಾತ್ರಿಯನ್ನು ಕೇಳುತ್ತಿದ್ದರು: ಮಗ ಇದ್ದಾನೋ ಇಲ್ಲವೋ? ಅಲ್ಲಿ ಅವರಿಗೆ ಒಂದಿಷ್ಟು ಸಮಾಧಾನ ಸಿಗುತ್ತಿತ್ತು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಆ ಮಗನಿಗೆ ಏನಾಗಿತ್ತು? ಕುಡಿತವೋ, ಕಾಯಿಲೆಯೋ, ಬರಿಗೈಯಲ್ಲಿ ಊರಿಗೆ ಬರುವ ನಾಚಿಕೆಯೋ? "ದೇಶಾಂತರ ಹೋದ" ಅನ್ನುವ ಒಂದೇ ಮಾತಿನಲ್ಲಿ ಎಲ್ಲವೂ ಮುಚ್ಚಿಹೋಯಿತು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇದನ್ನು ಕಂಡಿದ್ದರು. ಅವರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಬೆಂಗಳೂರಿಗೆ ಹೋಗಿ ಹೋಟೆಲ್ ನಡೆಸುವವರೂ ಇದ್ದಾರೆ, ಮದ್ರಾಸು ಮುಂಬಯಿ ನೋಡಿ ಸೋತು ಊರಿಗೆ ಮರಳುವ ರಾಮನೂ ಇದ್ದಾನೆ. ಆ ರಾಮನಿಗೆ ಮರಳಲು ಒಂದು ಮನೆ ಇತ್ತು, ಅಲ್ಲಿ ಅವನಿಗೆ ಬಾಗಿಲು ತೆರೆದಿತ್ತು. ಸೋತು ಬಂದವನಿಗೆ ಬಾಗಿಲು ತೆರೆಯುವುದು ಎಷ್ಟು ದೊಡ್ಡ ಚಿಕಿತ್ಸೆ ಅನ್ನುವುದನ್ನು ನಾವು ಆಮೇಲೆ ಒಂದು ಪರೀಕ್ಷೆಯಲ್ಲಿ ಕಲಿಯಬೇಕಾಯಿತು.

ಆ ಪರೀಕ್ಷೆ ಬಂದದ್ದು 2020ರಲ್ಲಿ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಜನ ಬರಲು ಶುರುವಾದರು. ಉಡುಪಿ ಜಿಲ್ಲೆಯ ಉತ್ತರದ ಬಾಗಿಲು ಬೈಂದೂರು ತಾಲೂಕಿನ ಶಿರೂರು. ಅಲ್ಲಿನ ಚೆಕ್‌ಪೋಸ್ಟಿನಲ್ಲಿ ವಾಹನಗಳ ಸಾಲು. ಕ್ವಾರಂಟೈನ್ ಎಲ್ಲಿ? ಊರಿನ ಶಾಲೆಗಳಲ್ಲಿ. ಜೂನ್ ಮೊದಲ ವಾರದ ಹೊತ್ತಿಗೆ ರಾಜ್ಯದಲ್ಲಿ ಅತಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆಗಳ ಮೊದಲ ಸಾಲಿನಲ್ಲಿ ಉಡುಪಿ ಇತ್ತು, ಅದರಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರು. ಆಗ ನಾವು ಸ್ಟುಡಿಯೋದಲ್ಲಿ ಕೂತು ದಿನವೂ ಆ ಸಂಖ್ಯೆ ಓದುತ್ತಿದ್ದೆವು. ಊರಿನ ಕೆಲವು ಕಡೆ ಏನು ಮಾತು? "ಬೊಂಬಾಯಿಯವ್ರು ತಂದ್ರು." ಯಾರ ದುಡ್ಡಿನಲ್ಲಿ ಶಾಲೆಗೆ ಕೋಣೆ ಕಟ್ಟಿಸಿದ್ದರೋ, ಅದೇ ಶಾಲೆಯ ಜಗಲಿಯಲ್ಲಿ ಅವರು ಅಪರಾಧಿಗಳಂತೆ ಕೂತಿದ್ದರು. ಊಟ ತಂದು ಗೇಟಿನ ಹೊರಗಿಟ್ಟು, ದೂರದಿಂದಲೇ "ಹ್ವಾಯ್, ಉಂಡ್ರ್ಯಾ?" ಅಂತ ಕೇಳಿದವರೂ ಇದ್ದರು. ಆ ಒಂದು ಪ್ರಶ್ನೆಗೆ ಅವತ್ತು ಔಷಧಿಯಷ್ಟೇ ಬೆಲೆ ಇತ್ತು.

ಇನ್ನು ಇವತ್ತಿನ ಹುಡುಗ. 1998ರಲ್ಲಿ ಕೊಂಕಣ ರೈಲು ಬಂತು. ಕುಂದಾಪುರದಲ್ಲಿ ಹತ್ತಿದರೆ ಮರುದಿನ ಮುಂಬಯಿ. ಬೆಂಗಳೂರಿಗೆ ರಾತ್ರಿ ಬಸ್ಸು, ಬೆಳಗ್ಗೆ ತಲುಪಿ ನೇರ ಆಫೀಸಿಗೆ. ಬೆಂಗಳೂರಿನ ಬಡಾವಣೆಗಳಲ್ಲಿ ಬೇಕರಿಗೆ ಹೋಗಿ ಗಲ್ಲಾದಲ್ಲಿ ಕೂತವರ ಊರು ಕೇಳಿ, ಎಷ್ಟೋ ಕಡೆ ಕುಂದಾಪುರ, ಬೈಂದೂರು ಅಂತಾರೆ. ಎಂಜಿನಿಯರಿಂಗ್ ಮುಗಿಸಿದವರು, ಡೆಲಿವರಿ ಬೈಕ್ ಓಡಿಸುವವರು, ನರ್ಸಿಂಗ್ ಮಾಡಿದ ಹೆಣ್ಣುಮಕ್ಕಳು ಎಲ್ಲರೂ ಹೋಗ್ತಿದ್ದಾರೆ. ದೂರ ಕಡಿಮೆ ಆಯಿತು, ಫೋನ್ ಬಂತು, ವಿಡಿಯೋ ಕಾಲ್ ಬಂತು. ಹಾಗಾದರೆ ಒಂಟಿತನ ಕಡಿಮೆ ಆಗಬೇಕಿತ್ತಲ್ಲ?

ಆಗಲಿಲ್ಲ. ಯಾಕಂದರೆ ಐದು ಕಂಬಗಳು ಒಂದೊಂದಾಗಿ ಹೋದವು. ಹತ್ತು ಜನ ಊರಿನವರ ಚಾಪೆಯ ಜಾಗದಲ್ಲಿ ಪಿಜಿ ಬಂತು. ಪಕ್ಕದ ಮಂಚದವನ ಹೆಸರು ಗೊತ್ತು, ಊರು ಗೊತ್ತಿಲ್ಲ. ನಾನೂ ಓದು ಮುಗಿಸಿ ಪಿಜಿಯಲ್ಲಿ ಇದ್ದವನು. ಒಂದು ಕೋಣೆಯಲ್ಲಿ ಮೂವರು, ಮೂರು ಶಿಫ್ಟು, ಮೂರು ಇಯರ್‌ಫೋನು. ವಾರಗಟ್ಟಲೆ ಪರಸ್ಪರ ಮಾತಾಡದೆ ಇರಬಹುದಾಗಿತ್ತು, ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ. ಮಾಲೀಕ ಈಗ ಒಂದು ಆ್ಯಪ್. ಸಂಘಕ್ಕೆ ಹೋಗುವವರು ಐವತ್ತು ದಾಟಿದವರು. ಉಳಿದದ್ದು ಒಂದೇ ಕಂಬ, ಕೈಯಲ್ಲಿರುವ ಫೋನು. ಅದರಲ್ಲೂ ರಾತ್ರಿ ಹತ್ತಕ್ಕೆ ಅಬ್ಬಿಯ ಕಾಲ್: "ಮಗಾ, ಉಂಡ್ಯಾ? ಹುಷಾರಿದ್ಯಾ?" "ಅಡ್ಡಿಲ್ಲೆ." ಮುಗೀತು.

ನಮ್ಮ ಸುದ್ದಿಮನೆಗೆ ಆಗಾಗ ಒಂದು ಸಾಲು ಬರ್ತದೆ. ಬಾಡಿಗೆ ಕೋಣೆಯಲ್ಲಿ ಯುವಕನ ಸಾವು, ಕಾರಣ ತಿಳಿದುಬಂದಿಲ್ಲ. ಪರದೆಯ ಕೆಳಗೆ ನಾಲ್ಕು ಸಲ ಓಡಿ ಮಾಯವಾಗ್ತದೆ. ಊರಿನಲ್ಲಿ ಆ ಮನೆಯವರು ಹೇಳುವುದು ಒಂದೇ: "ನಿನ್ನೆ ರಾತ್ರಿ ಮಾತಾಡಿದ್ದ, ಅಡ್ಡಿಲ್ಲೆ ಅಂದಿದ್ದ."

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗ್ತದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. ಜಿಲ್ಲಾ ಮಟ್ಟದಲ್ಲಿ ಅದನ್ನು ಹೇಗೆ ಮಾಡಬಹುದು ಅಂತ ನಿಮ್ಹಾನ್ಸ್ ದೇಶಕ್ಕೇ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಮಹಾನಗರಗಳಲ್ಲಿ ಅದು ಇನ್ನೂ ಜಾಸ್ತಿ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತ ಹೇಳಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416, ಉಚಿತ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನ ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ವಲಸೆ ಹೋದ ಕನ್ನಡದ ಮನೆಯ ಮಗ ಅದನ್ನು ಹೇಳಿದ್ದು ಆಕಸ್ಮಿಕ ಇರಬಹುದು, ನನಗಂತೂ ಹಾಗನಿಸಿಲ್ಲ.

ನಂಬರ್ ಇದೆ. ಆದರೆ "ಅಡ್ಡಿಲ್ಲೆ" ಅನ್ನುವ ಹುಡುಗ ಆ ನಂಬರ್ ಒತ್ತುವುದು ಹೇಗೆ? ಅಬ್ಬಿಗೇ ಹೇಳದವನು ಅಪರಿಚಿತರಿಗೆ ಹೇಳಬೇಕಾದರೆ ಮಧ್ಯದಲ್ಲಿ ಒಬ್ಬ ಬೇಕು. ಪಕ್ಕದ ಬೆಂಚಿನ ಗಂಗೊಳ್ಳಿಯವನು ಬೇಕು. ನೂರು ವರ್ಷದ ಹಿಂದೆ ಸಂಘಗಳು ಆ ಪಕ್ಕದ ಬೆಂಚನ್ನು ಕಟ್ಟಿಕೊಟ್ಟಿದ್ದವು. ಇವತ್ತಿನ ಸಂಘಗಳ ಹತ್ತಿರ ಸಭಾಭವನ ಇದೆ, ಬ್ಯಾಂಕ್ ಇದೆ, ವಿದ್ಯಾರ್ಥಿವೇತನ ಇದೆ, ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನದ ಸಂಭ್ರಮ ಇದೆ. ಒಳ್ಳೆಯದೇ. ಅದರ ಜೊತೆಗೆ, ಹೊಸದಾಗಿ ಊರು ಬಿಟ್ಟು ಬಂದ ಪ್ರತಿ ಹುಡುಗ ಹುಡುಗಿಗೆ ಅದೇ ನಗರದಲ್ಲಿ ಊರಿನ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಗೊತ್ತು ಮಾಡಿ. ತಿಂಗಳಿಗೆ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಒಬ್ಬ ಕೌನ್ಸೆಲರ್ ಕೂರಲಿ. ಜಾತಿ ಕೇಳದೆ ಬಾಗಿಲು ತೆರೆಯಿರಿ. ರಾತ್ರಿ ಶಾಲೆ ಕಟ್ಟಿದವರಿಗೆ ಇದು ದೊಡ್ಡ ಕೆಲಸ ಅಲ್ಲ.

ಮುಗಿಸುವ ಮೊದಲು ಇನ್ನೊಂದು ಮಾತು, ಇದು ಊರಿನಲ್ಲೇ ಇರುವವರಿಗೆ. ನಮ್ಮ ಹುಡುಗರು ಹೋದ ಜಾಗಕ್ಕೆ ಈಗ ಯಾರು ಬಂದಿದ್ದಾರೆ ನೋಡಿದ್ದೀರಾ? ಗಂಗೊಳ್ಳಿ ಬಂದರಿನ ದೋಣಿಗಳಲ್ಲಿ, ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ, ಮನೆ ಕಟ್ಟುವ ಕಡೆ ಒಡಿಶಾ, ಜಾರ್ಖಂಡ್, ಅಸ್ಸಾಂ, ನಮ್ಮದೇ ಉತ್ತರ ಕರ್ನಾಟಕದ ಹುಡುಗರು. ಹತ್ತೊಂಬತ್ತು, ಇಪ್ಪತ್ತು ವರ್ಷ. ಟೇಬಲ್ ಒರೆಸುವ ಅವನನ್ನು ನಾವು "ಏ ಭಯ್ಯಾ" ಅಂತೇವೆ. ಅವನ ಹೆಸರು ಕೇಳಿಲ್ಲ. ಒಂದು ಕಾಲದಲ್ಲಿ ಮುಂಬಯಿಯ ಗಿರಾಕಿ ನಮ್ಮ ಅಜ್ಜನ ಹೆಸರು ಕೇಳದೆ ಕಾಫಿ ತರಿಸಿಕೊಂಡ ಹಾಗೆಯೇ. ಅವನ ಅಮ್ಮನೂ ರಾತ್ರಿ ಫೋನ್ ಮಾಡ್ತಾಳೆ. ಅವನೂ ತನ್ನ ಭಾಷೆಯಲ್ಲಿ ಅಡ್ಡಿಲ್ಲೆ ಅಂತಾನೆ. 14416ರಲ್ಲಿ ಹಿಂದಿ, ಒಡಿಯಾ, ಅಸ್ಸಾಮಿಯಲ್ಲೂ ಮಾತಾಡಬಹುದು ಅಂತ ಅವನಿಗೆ ಹೇಳಲು ನಮಗೆ ಎಷ್ಟು ಖರ್ಚಾಗ್ತದೆ? ಹೋಟೆಲಿನ ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದರೆ ಸಾಕು.

ಇವತ್ತು ರಾತ್ರಿ ನಿಮ್ಮ ಮಗನಿಗೆ, ತಮ್ಮನಿಗೆ, ಗೆಳೆಯನಿಗೆ ಫೋನ್ ಮಾಡ್ತೀರಲ್ಲ, ಅವನು ಅಡ್ಡಿಲ್ಲೆ ಅಂದ ಕೂಡಲೇ ಇಡಬೇಡಿ. ಇನ್ನೊಂದು ಸಲ ಕೇಳಿ. "ಖರೆ ಹೇಳ್ ಮಗಾ, ಹ್ಯಾಂಗಿದ್ದೆ?" ಅಂತ ಕೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಅವನು ಮಾತು ಹುಡುಕಿಕೊಳ್ಳಲು ಅಷ್ಟು ಸಮಯ ಬೇಕು.